ಹೊಳೆಯಾಚೆಯ ಹಾಜರಿ

ನಮ್ಮ ಗಂಗಾವತಿ ಸೀಮೆಯಲ್ಲಿ ನನ್ನಂಥ ಮಿಡಲ್ ಸ್ಕೂಲ್ ಮಾಸ್ತರ ಹಿಂದೆ ಹುಟ್ಟಿರಲಿಲ್ಲ, ಮುಂದೆಯೂ ಹುಟ್ಟುವುದಿಲ್ಲ. ನಾನು ಕೆಮ್ಮಿದರೆ ತುಂಗಭದ್ರೆಯ ಮೊಸಳೆಗಳು ದಡ ಬಿಟ್ಟು ಓಡುತ್ತಿದ್ದವು. ಅಂಥವನು ನಿಜಾಮರ ಕಾಲದಲ್ಲಿ ಹುಡುಗರನ್ನು ಪರದೇಶಕ್ಕೆ ಕರೆದೊಯ್ದೆ. ನಗಬೇಡಿ. ಹೊಳೆಯ ಈಚೆ ನಿಜಾಮರ ರಾಜ್ಯ, ಆಚೆ ಹಂಪಿ ಇಂಗ್ಲಿಷರದು. ಹರಗೋಲು ಹತ್ತಿದರೆ ಪರದೇಶ.

“ಇರಾಂವ ಒಬ್ನ ಮಗಾರಿ ಮಾಸ್ತರ, ಜ್ವಾಕಿ,” ಎಂದು ಶಿವಬಸಮ್ಮ ತನ್ನ ಕೊಟ್ರಬಸಪ್ಪನ ಕೈಯನ್ನು ನನ್ನ ಕೈಗಿಟ್ಟಿದ್ದಳು.

“ಯವ್ವಾ, ಯಮ ಬಂದು ಕೇಳಿದ್ರೂ ಕೊಡಂಗಿಲ್ಲ ತಗೋ!” ಎಂದಿದ್ದೆ.

ಹಂಪಿ ತೋರಿಸಿಕೊಂಡು ತಿರುಗಿ ಈಚೆ ದಡಕ್ಕೆ ಇಳಿದಾಗ ಸುಡು ಮಧ್ಯಾಹ್ನ. ಹಾಜರಿ ಕೂಗಿದೆ. ನಮ್ಮ ರಾಜ್ಯದ ಹುಡುಗರು “ಹಾಜಿರ್ ಜನಾಬ್” ಅನ್ನಬೇಕು. ಕೊಟ್ರಬಸಪ್ಪ ಮಾತ್ರ “ಪ್ರೆಸೆಂಟ್ ಸಾರ್” ಎಂದ.

“ಲೇ, ಒಂದ ದಿನಕ್ಕ ದೊರಿ ಆದ್ಯಲ್ಲೋ!” ಎಂದು ಹುಡುಗರು ನಕ್ಕರು.

ಆಗಲೇ ಆಚೆ ದಡದಿಂದ ಅವನದೇ ದನಿ ಕೇಳಿತು: “ಹಾಜಿರ್ ಜನಾಬ್! ನನ್ನ ಬಿಟ್ಟು ಹೊಂಟ್ರೇನ್ರಿ?”

ಅಲ್ಲಿ ಬರೀ ಬಂಡೆಗಳಿದ್ದವು. “ಪ್ರೆಸೆಂಟ್” ಎಂದವನ ಕೈ ಹಿಡಿದೇ ಇದ್ದೆ; ಅದು ಆ ಬಿಸಿಲಲ್ಲೂ ಬಾವಿಯೊಳಗಿನ ಕಲ್ಲಿನಂತೆ ತಣ್ಣಗಿತ್ತು. ಹರಗೋಲು ತಿರುಗಿಸಿ ಹೋಗಿ ಬಂಡೆ ಬಂಡೆಯ ಸಂದಿಯಲ್ಲೂ ಹುಡುಕಿದೆ, ಯಾರೂ ಇಲ್ಲ. ಯಾರನ್ನು ಬಿಟ್ಟು ಯಾರನ್ನು ಕರೆತಂದೆನೋ ತಿಳಿಯದೆ, ಕೈಯಲ್ಲಿದ್ದವನನ್ನೇ ತಾಯಿಗೆ ಒಪ್ಪಿಸಿದೆ.

ಮರುದಿನ ಅವರ ಮನೆಗೆ ಹೋದಾಗ ಅವನು ಒಲೆಯ ಮುಂದೆ ಕೂತು ಉಣ್ಣುತ್ತಿದ್ದ. ಶಿವಬಸಮ್ಮ ಅವನ ತಾಟಿಗೆ ಇನ್ನೊಂದು ಬಿಸಿ ರೊಟ್ಟಿ ಹಾಕಿ, ನನ್ನತ್ತ ತಿರುಗಿ ಕೇಳಿದಳು:

“ಮಾಸ್ತರ, ನನ್ನ ಮಗ ಯಾವಾಗ ಬರ್ತಾನ್ರಿ?”