ಬೋರಲು ಹಾಕಿದ ಲೋಟ

“ಏನು ಬೇಕಾದ್ರೂ ಮುಟ್ಟು, ಆ ಲೋಟ ಒಂದನ್ನ ಮುಟ್ಟಬೇಡ,” ಎಂದರು ಬಡಗಿ ಮೇಸ್ತ್ರಿ.

ಪಾಲಿಶ್ ಕೋಣೆಯ ಗೋಡೆಯ ಗೂಟಕ್ಕೆ ಹಿತ್ತಾಳೆಯ ಲೋಟವೊಂದನ್ನು ಬೋರಲಾಗಿ ಸಿಕ್ಕಿಸಿದ್ದರು. ಹೊಸದಾಗಿ ಕೆಲಸಕ್ಕೆ ಸೇರಿದ ಪಾಲಿಶ್‌ನವನು ನಕ್ಕ. “ಯಾಕೆ ಮೇಸ್ತ್ರಿ, ಕಚ್ಚುತ್ತಾ?”

“ಹಿಂದೆ ಇಲ್ಲಿ ಪಾಲಿಶ್ ಹಾಕ್ತಿದ್ದೋನು ಅದರಲ್ಲೇ ಪಾಲಿಶ್‌ಗೆ ಬೆರೆಸೋ ಸ್ಪಿರಿಟ್ ಕುಡೀತಿದ್ದ. ಅವನ ಹೆಂಡತಿ ಮಾಟ ಮಾಡಿಸಿ, ತನ್ನ ಕೈಯಾರೆ ಬೋರಲು ಹಾಕಿ ಹೋದ್ಲು. ನೆಟ್ಟಗೆ ಮಾಡಿದೋನು ಕೆಟ್ಟ.”

ವಯಸ್ಸಾದ ಮೇಸ್ತ್ರಿಯ ದನಿ ನಡುಗುತ್ತಿತ್ತು. ಪಾಲಿಶ್‌ನವನಿಗೆ ಅದೂ ತಮಾಷೆಯಾಗಿಯೇ ಕಂಡಿತು.

ಹಸಿ ಪಾಲಿಶ್ ಮೇಲೆ ಧೂಳು ಕೂರಬಾರದೆಂದು ಆ ಕೋಣೆಯ ಕಿಟಕಿ ಬಾಗಿಲುಗಳನ್ನು ಹಗಲಲ್ಲೂ ಮುಚ್ಚಿರುತ್ತಿದ್ದರು. ಅರಗು, ಸ್ಪಿರಿಟ್ಟಿನ ಘಾಟು ಗಂಟಲಿಗೇ ಅಂಟಿಕೊಳ್ಳುತ್ತಿತ್ತು. ಇನ್ನು ಬಾರಿನ ಮೆಟ್ಟಿಲು ತುಳಿಯುವುದಿಲ್ಲವೆಂದು ಅವನು ಮಗಳ ತಲೆ ಮುಟ್ಟಿ ಆಣೆಯಿಟ್ಟಿದ್ದ. ಆದರೆ ಇದು ಬಾರ್ ಅಲ್ಲವಲ್ಲ! ಕುಡುಕನಿಗೆ ನೆಪಕ್ಕೇನು ಬರ? ಮೇಸ್ತ್ರಿ ಹೊರಗೆ ಹೋಗಿದ್ದ ಒಂದು ಮಧ್ಯಾಹ್ನ ಲೋಟ ಇಳಿಸಿದ. ಆ ಧಗೆಯಲ್ಲೂ ಹಿತ್ತಾಳೆ ಮಂಜಿನಂತೆ ಕೊರೆಯುತ್ತಿತ್ತು. ಸ್ಪಿರಿಟ್‌ಗೆ ನೀರು ಬೆರೆಸಿ ಕುಡಿದ. ಕಿವಿಯ ಬಳಿ ಹೆಂಗಸೊಬ್ಬಳು ನಿಟ್ಟುಸಿರಿಟ್ಟಂತಾಯಿತು. ತಿರುಗಿ ನೋಡಿದರೆ ಯಾರೂ ಇರಲಿಲ್ಲ.

ಅವನಿಗೆ ಏನೂ ಆಗಲಿಲ್ಲ. ಸ್ಪಿರಿಟ್ ಕುಡಿದರೆ ಕಣ್ಣು ಹೋಗುತ್ತದೆಂದು ಆ ಕಸುಬಿನವರಿಗೆಲ್ಲ ಗೊತ್ತು. ಇವನ ಕಣ್ಣು ಮಾತ್ರ ದಿನೇ ದಿನೇ ಚುರುಕಾಯಿತು, ಮರದ ಕೂದಲೆಳೆ ಗೆರೆಯೂ ಕಾಣತೊಡಗಿತು. “ಶಾಪ ಅಂತೆ ಶಾಪ!” ಎನ್ನುತ್ತ ದಿನವೂ ಲೋಟ ಇಳಿಸಿದ.

ಮನೆಯಲ್ಲಿ ಅಮ್ಮನ ಸೂಜಿಗೆ ಒಂದೇ ಸಲಕ್ಕೆ ದಾರ ಪೋಣಿಸುತ್ತಿದ್ದ ಮಗಳು ತಡವರಿಸತೊಡಗಿದಳು. ಬಾಗಿಲಿಗೆ ಹಣೆ ಬಡಿದುಕೊಂಡಳು. “ಮೊಬೈಲ್ ನೋಡಿ ನೋಡಿ ಹೀಗಾಗಿದೆ,” ಎಂದು ಇವನೇ ಗದರಿದ. ಕಣ್ಣಿನಲ್ಲಿ ದೋಷವೇ ಇಲ್ಲವೆಂದರು ಡಾಕ್ಟರು. ಒಂದು ಬೆಳಿಗ್ಗೆ ಮಲಗಿದ್ದ ಮಗಳ ಹೊದಿಕೆ ಸರಿಮಾಡಲು ಬಗ್ಗಿದ. ಅವಳ ಉಸಿರಲ್ಲಿ ಸ್ಪಿರಿಟ್ಟಿನ ಘಾಟು ಬರುತ್ತಿತ್ತು.

ಎದ್ದುಬಿದ್ದು ಕೆಲಸದ ಜಾಗಕ್ಕೆ ಓಡಿದ. “ಮೇಸ್ತ್ರಿ, ಆ ಪಾಲಿಶ್‌ನೋನು ಏನಾದ? ಸತ್ನಾ?”

ಮೇಸ್ತ್ರಿ ಉಳಿಯನ್ನು ಕೆಳಗಿಟ್ಟರು. “ಇಲ್ಲಪ್ಪ. ಕುಡಿದೋನಿಗೆ ಏನೂ ಆಗಬಾರದು, ಅವನ ಪಾಪ ಇನ್ನೊಬ್ಬರು ಅನುಭವಿಸೋದನ್ನ ಕಣ್ಣಾರೆ ನೋಡ್ತಾ ಇರಬೇಕು. ಅದೇ ಅವಳು ಹಾಕಿದ ಶಾಪ. ಅದು ನಮ್ಮ ಮಗನಿಗೇ ತಗಲುತ್ತೆ ಅಂತ ಅವಳಿಗೂ ಗೊತ್ತಿರಲಿಲ್ಲ. ಅವನು ಈಗಲೂ ಕಣ್ಣು ಕಾಣದೆ ಗೋಡೆ ಹಿಡ್ಕೊಂಡೇ ನಡೀತಾನೆ.”

“ಅಂದ್ರೆ ಅದು... ನೀವಾ?”

ಮೇಸ್ತ್ರಿ ತಲೆ ತಗ್ಗಿಸಿದರು.

ಲೋಟವನ್ನು ಜಜ್ಜಿಹಾಕಲು ಪಾಲಿಶ್‌ನವನು ಸುತ್ತಿಗೆ ಹಿಡಿದು ಕೋಣೆಗೆ ನುಗ್ಗಿದ. ಗೂಟ ಖಾಲಿಯಿತ್ತು. ಲೋಟ ಮೇಜಿನ ಮೇಲಿತ್ತು. ನೆಟ್ಟಗೆ. ಅಂಚಿನವರೆಗೂ ಸ್ಪಿರಿಟ್ ತುಂಬಿ. ಸುರಿದವರು ಯಾರೂ ಇರಲಿಲ್ಲ. ಮತ್ತೆ ಆ ನಿಟ್ಟುಸಿರು. ಕುತ್ತಿಗೆಗೇ ತಾಗಿತು. ಕಿಟಕಿಗಳನ್ನೆಲ್ಲ ದಬದಬನೆ ತೆರೆದ. ಲೈಟುಗಳನ್ನೆಲ್ಲ ಹಾಕಿದ.

ಬಾಗಿಲಲ್ಲಿ ಸದ್ದಾಯಿತು. ಅವನು ತಿಂಡಿ ತಿನ್ನದೆ ಓಡಿಬಂದಿದ್ದನೆಂದು ಹೆಂಡತಿ ಡಬ್ಬಿ ತಂದಿದ್ದಳು. ಅವಳ ಸೆರಗು ಹಿಡಿದು ಮಗಳು ನಿಂತಿದ್ದಳು. ಬೆಳಗಿನ ಬಿಸಿಲು ನೇರ ಅವಳ ಮುಖಕ್ಕೆ ಬಿದ್ದಿತ್ತು. ರೆಪ್ಪೆ ಮಿಸುಕಲಿಲ್ಲ.

“ಅಪ್ಪಾ, ಯಾಕೆ ಕತ್ತಲೇಲಿ ಕೂತಿದ್ದೀಯಾ?”

ತಡವುತ್ತ ಒಳಗೆ ಬಂದು ಅವಳು ಮೇಜಿಗೊರಗಿ ನಿಂತಳು. ಸುತ್ತಿಗೆ ಜಾರಿ ಬಿತ್ತು. ಇನ್ನೆಂದೂ ಕುಡಿಯುವುದಿಲ್ಲವೆಂದು ಆಣೆಯಿಡಲು ಅವಳ ತಲೆಯತ್ತ ಕೈಯೆತ್ತಿದ. ಲೋಟದಿಂದ ಸ್ಪಿರಿಟ್ಟಿನ ಘಾಟು ಮೂಗಿಗೆ ಬಡಿಯಿತು. ಕೈ ಮಗಳ ತಲೆಯನ್ನು ದಾಟಿ ಲೋಟದ ಕಡೆಗೆ ಹೋಯಿತು.