ಸಿಂಹದ ಮುಖದ ನಲ್ಲಿ

ಅಧ್ಯಕ್ಷರು ಪುರಸಭೆಯ ಗೋಡೆಗೆ ಕಟ್ಟಿದ್ದ ಬ್ಯಾನರ್ ಎಳೆದರು. ಚಪ್ಪಾಳೆಗೆಂದು ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಸಿಂಹದ ಮುಖದ ಹಿತ್ತಾಳೆ ನಲ್ಲಿ ಇರಬೇಕಾದ ಕಡೆ, ಕೊಳವೆಯ ಬಾಯಿಗೊಂದು ಬಿರಡೆ ಬಡಿದಿದ್ದರು.

ಪುರಸಭೆಗೆ ಅಂದು ನೂರು ತುಂಬಿತ್ತು. ಅದು ಹುಟ್ಟಿದ ವರ್ಷ ಮಾಡಿದ ಮೊದಲ ಕೆಲಸವೇ ಈ ನಲ್ಲಿ. ಅಲ್ಲಿಯವರೆಗೆ ಊರು ಹೊಳೆಯಿಂದ ನೀರು ಹೊತ್ತು ತರುತ್ತಿತ್ತು. ಆಮೇಲೆ ಎಷ್ಟೋ ಅಧ್ಯಕ್ಷರು ಬಂದರು, ಕಚ್ಚಾಡಿದರು, ಹೋದರು. ಸಿಂಹ ಮಾತ್ರ ಎಲ್ಲ ಪಕ್ಷದವರಿಗೂ ಒಂದೇ ಥರ ನೀರು ಕೊಟ್ಟಿತು.

"ನಿನ್ನೆ ಸಂಜೆ ಬ್ಯಾನರ್ ಸರಿಸಿ ಕಣ್ಣಾರೆ ನೋಡಿದೀನಿ, ಇತ್ತು," ಎಂದ ಪುರಸಭೆಯ ಮ್ಯಾನೇಜರ್, ಬಂದೋಬಸ್ತಿಗೆ ಬಂದಿದ್ದ ಎಸ್ಸೈಗೆ. "ರಾತ್ರಿ ಕಾವಲಿಗಿದ್ದವನು ಈ ವಾಚ್‌ಮನ್ ಒಬ್ಬನೇ. ಬೇಲಿಯೇ ಎದ್ದು ಹೊಲ ಮೇಯ್ದಿದೆ ಮೇಡಂ."

ಉಳಿದವರೂ "ಇದ್ದಿರಬೇಕು" ಎಂದರು. ಅವರ್‍ಯಾರೂ ಬ್ಯಾನರ್ ಹಿಂದೆ ಇಣುಕಿರಲಿಲ್ಲ.

ವಾಚ್‌ಮನ್‌ಗೆ ತಿಂಗಳ ಕೊನೆಗೆ ನಿವೃತ್ತಿ. ಕಳ್ಳ ಎನಿಸಿಕೊಂಡರೆ ಪಿಂಚಣಿಗೆ ಎಳ್ಳುನೀರು. ಎಸ್ಸೈ ಅವನ ಮುಖ ನೋಡಿದಳು. ಶಾಲೆಗೆ ಹೋಗುವಾಗ ಅವಳಿಗೆ ಎಟುಕದ ನಲ್ಲಿಯ ಗುಂಡಿಯನ್ನು ದಿನವೂ ಒತ್ತಿ ಹಿಡಿದು ನೀರು ಕುಡಿಸಿದವನು ಇವನೇ. ಮಕ್ಕಳಿಗೆಲ್ಲ ನಲ್ಲಿ ಮಾಮ. ಆ ಋಣ ಅವಳ ಎದೆಯಲ್ಲಿ ಹಸಿಯಾಗಿಯೇ ಇತ್ತು. ಆದರೆ ಋಣ ಸಾಕ್ಷಿಯಾಗುವುದಿಲ್ಲ.

* * *

ವಾಚ್‌ಮನ್ ಹಿಂದಿನ ದಿನ ಗುಜರಿ ಅಂಗಡಿಗೆ ಹೋಗಿದ್ದ ಎಂಬ ಸುದ್ದಿ ಸಿಕ್ಕಿತು. ಮ್ಯಾನೇಜರ್ ಮುಖ ಅರಳಿತು. ಎಸ್ಸೈ ವಾಚ್‌ಮನ್‌ನನ್ನು ಕರೆದುಕೊಂಡೇ ಅಂಗಡಿಗೆ ನಡೆದಳು.

"ಬಂದಿದ್ದ, ಮಾರೋಕಲ್ಲ," ಎಂದ ಗುಜರಿಯವನು. "ಹಳೇ ನಲ್ಲಿಗೆ ಹೊಂದೋ ವಾಷರ್ ಬೇಕು ಅಂದ. ಹುಡುಕಿ ಕೊಟ್ಟೆ."

ವಾಚ್‌ಮನ್ ಜೇಬಿನಿಂದ ವಾಷರ್ ತೆಗೆದು ತೋರಿಸಿದ. "ಅದು ಯಾವಾಗ್ಲೂ ತೊಟ್ಟಿಕ್ತಿತ್ತು ತಾಯಿ. ನೂರು ತುಂಬೋ ದಿನ ಸೋರಬಾರ್ದು ಅಂತ ತಂದೆ."

"ಮತ್ತೆ ಯಾಕೆ ಹಾಕ್ಲಿಲ್ಲ?"

"ಬ್ಯಾನರ್ ಮುಟ್ಟಬೇಡ, ಅಧ್ಯಕ್ಷರೇ ತೆಗೀಬೇಕು ಅಂದ್ರು ಮ್ಯಾನೇಜರ್ ಸಾಹೇಬ್ರು."

"ಅದನ್ನ ಕಟ್ಟಿದ್ದು ಯಾವಾಗ?"

"ಗೊತ್ತಿಲ್ಲ. ಮಗಳ ಹೆರಿಗೆ ಅಂತ ಅವಳೂರಿಗೆ ಹೋಗಿದ್ದೆ. ಮೊನ್ನೆ ಬಂದೆ. ಅಷ್ಟರಲ್ಲಿ ಗೋಡೆಗೆ ಬಣ್ಣವೂ ಆಗಿತ್ತು, ಬ್ಯಾನರೂ ಬಂದಿತ್ತು."

* * *

ಎಸ್ಸೈ ಪುರಸಭೆಗೆ ಮರಳಿ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಹೊಸ ಹಳದಿ ಬಣ್ಣ ಥಳಥಳ ಎನ್ನುತ್ತಿತ್ತು.

ಈ ಪುರಸಭೆಗೆ ಬಣ್ಣ ಬಳಿಯುವವರು ಇದುವರೆಗೆ ಯಾವುದನ್ನೂ ಕೆಳಗಿಳಿಸಿದವರಲ್ಲ. ಕಪಾಟಿದ್ದರೆ ಕಪಾಟಿನ ಸುತ್ತ ಬಳಿಯುತ್ತಾರೆ. ಹಲ್ಲಿ ಅಲ್ಲಾಡದೆ ಕೂತಿದ್ದರೆ ಅದಕ್ಕೂ ಒಂದು ಕೈ.

"ಆ ಗಡಿಯಾರ ಇಳಿಸಿ," ಎಂದಳು, ಅದೇ ಗೋಡೆಯ ಮೇಲ್ಗಡೆ ತೋರಿಸಿ.

ಇಳಿಸಿದರು. ಹಿಂದೆ ಹಳೆಯ ಹಸಿರು ಬಣ್ಣ ದುಂಡಗೆ ಉಳಿದಿತ್ತು.

"ಈಗ ಇಲ್ನೋಡಿ. ಸಿಂಹದ ಮುಖ ತಟ್ಟೆಯಷ್ಟು ಅಗಲ. ನಿನ್ನೆ ರಾತ್ರಿ ಕಿತ್ತಿದ್ರೆ ಇಲ್ಲೂ ಹಸಿರು ಇರಬೇಕಿತ್ತು. ಪೂರ್ತಿ ಹಳದಿ, ಬಿರಡೆ ಮೇಲೂ ಹಳದಿ. ಅಂದ್ರೆ ಬಣ್ಣ ಹೊಡೆಯೋ ಮೊದಲೇ ನಲ್ಲಿ ಹೋಗಿದೆ. ಆಗ ವಾಚ್‌ಮನ್ ಊರಲ್ಲೇ ಇರ್ಲಿಲ್ಲ." ಅವಳು ಮ್ಯಾನೇಜರ್ ಕಡೆ ತಿರುಗಿದಳು. "ನಿನ್ನೆ ಕಣ್ಣಾರೆ ನೋಡಿದೆ ಅಂದಿದ್ದು ನೀವೊಬ್ಬರೇ. ಇಲ್ಲದ ನಲ್ಲೀನ ಹೇಗೆ ನೋಡಿದ್ರಿ ಸಾರ್?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎನ್ನುವ ಹಾಗೆ, ಮ್ಯಾನೇಜರ್ ಕೈ ಜೇಬಿನ ಬೀಗದಕೈಗೆ ಹೋಯಿತು. ಅವನ ಕೋಣೆಯ ಬೀರುವಿನಲ್ಲಿ, ಟವೆಲ್ ಸುತ್ತಿಕೊಂಡು ಸಿಂಹ ಮಲಗಿತ್ತು.

"ತಪಾಸಣೆಗೆ ಬಂದಿದ್ದ ದೊಡ್ಡ ಸಾಹೇಬ್ರು ಈ ಸಿಂಹ ಚೆನ್ನಾಗಿದೆ ಅಂದಿದ್ರು," ಎಂದ ತಲೆ ತಗ್ಗಿಸಿ. "ನನ್ನ ಬಡ್ತಿ ಅವರ ಕೈಲಿತ್ತು. ಕಾಣಿಕೆ ಕೊಡೋಣ ಅಂತ ಕಿತ್ತೆ. ಬಣ್ಣದವನಿಗೆ ರಿಪೇರಿಗೆ ಹೋಗಿದೆ ಅಂದೆ. ಆಮೇಲೆ ಬ್ಯಾನರ್ ಕಟ್ಟಿಸಿದೆ."

"ನಿಮ್ಮ ಬಡ್ತಿಗೆ ಇವರ ಪಿಂಚಣಿ ಬಲಿ ಕೊಡ್ತಿದ್ರಾ?"

ಪೇದೆ ಅವನನ್ನು ಜೀಪಿಗೆ ಹತ್ತಿಸಿದ.

* * *

ಮಧ್ಯಾಹ್ನ ಸಿಂಹ ಗೋಡೆಗೆ ಮರಳಿತು. ವಾಷರನ್ನು ವಾಚ್‌ಮನ್ ತಾನೇ ಕೂರಿಸಿದ. ಒಂದು ತೊಟ್ಟೂ ಸೋರಲಿಲ್ಲ. ಅವನು ಕೈಮುಗಿಯಲು ಬಂದಾಗ ಎಸ್ಸೈ ತಡೆದಳು.

"ನಾನು ಕೈ ಮುಗೀಬೇಕು ಮಾಮ. ಚಿಕ್ಕವಳಿದ್ದಾಗ ದಿನಾ ನನಗೆ ನೀರು ಕುಡಿಸ್ತಿದ್ರಿ."

ಅವನು ಅವಳ ಮುಖವನ್ನು ನಿಟ್ಟಿಸಿದ. "ಎಷ್ಟೋ ಮಕ್ಕಳಿಗೆ ಒತ್ತಿದೀನಿ ತಾಯಿ. ಯಾರ್‍ಯಾರು ಅಂತ ನೆನಪಿಲ್ಲ. ಬೇಜಾರು ಮಾಡ್ಕೋಬೇಡ."

"ನನಗೆ ನೆನಪಿದೆಯಲ್ಲ, ಸಾಕು."

ಅವಳು ಟೋಪಿ ತೆಗೆದು ಕಟ್ಟೆಯ ಮೇಲಿಟ್ಟಳು. ಗುಂಡಿ ಈಗ ಸುಲಭವಾಗಿ ಎಟುಕುತ್ತಿತ್ತು. ಆದರೂ ಎರಡೂ ಕೈ ಬೊಗಸೆ ಮಾಡಿ ಬಗ್ಗಿ, ಅವನು ಒತ್ತಲೆಂದು ಕಾದಳು.