ಗವಸಿನೊಳಗಿನ ತಂತಿ

ಅದು ಶುರುವಾದದ್ದು ೧೯೫೭ರ ಚೈತ್ರದಲ್ಲಿ, ಒಂದು ಭಾನುವಾರ, ಬೆಳಗಿನ ಎಂಟರ ಹೊತ್ತಿಗೆ. ನಾಗಪುರದ ಬಿಸಿಲು ಅಷ್ಟರಲ್ಲೇ ಚುರುಗುಟ್ಟುತ್ತಿತ್ತು. ಅಂಬಾಝರಿ ಕೆರೆಯ ನೀರು ದಂಡೆ ಬಿಟ್ಟು ಒಳಕ್ಕೆ ಸರಿದಿತ್ತು.

"ಮತ್ತ ಯಾರ ಮನಿ ಹಾಳ ಮಾಡಾಕ ಬಂದೀರಿ?"

ದೋಣಿ ಇಡುವ ಕೊಟ್ಟಿಗೆಯ ಬಾಗಿಲಲ್ಲಿ ನೀಲಾಂಬಿಕಾ ನಿಂತಿದ್ದಳು. ಊರೊಳಗಿನ ಮಹಾಲ್ ಬಡಾವಣೆಯಿಂದ ನಡೆದೇ ಬಂದಿದ್ದಳು. ಉಸಿರು ಏರಿತ್ತು, ಕಣ್ಣು ಕೆಂಪಾಗಿತ್ತು.

ಮೋಟಾರ್ ದೋಣಿಯೊಳಗೆ ಮಂಡಿಯೂರಿ ಕೂತಿದ್ದ ಯಲ್ಲಪ್ಪ ತಲೆ ಎತ್ತಲಿಲ್ಲ. ಅವಳೆದುರು ಎತ್ತಲು ಅವನಿಗೆ ಮುಖವೇ ಇರಲಿಲ್ಲ... ಎರಡು ವರ್ಷದಿಂದ!

ಅವನು ರೈಲ್ವೆಯ ಫಿಟ್ಟರ್. ರಜೆಯ ದಿನ ಕೆರೆಯ ದೋಣಿ ಕ್ಲಬ್ಬಿನ ಈ ವಿಹಾರದ ದೋಣಿಯನ್ನು ನೋಡಿಕೊಳ್ಳುತ್ತಿದ್ದ. ಅದನ್ನು ನಡೆಸುತ್ತಿದ್ದವನು ಅವನ ಗೆಳೆಯ ಉಮಾಪತಿ, ನೀಲಾಂಬಿಕಾಳ ಗಂಡ. ಮುಂದಿನ ಚಕ್ರ ತಿರುಗಿಸಿದರೆ, ದೋಣಿಯ ಪಕ್ಕದುದ್ದಕ್ಕೂ ಹಾದ ಉಕ್ಕಿನ ತಂತಿಹಗ್ಗ ಹಿಂದಿನ ಚುಕ್ಕಾಣಿಯನ್ನು ಎಳೆಯುತ್ತಿತ್ತು. ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ಆ ತಂತಿ ಹರಿಯಿತು. ಚಕ್ರ ಬರಿದೇ ತಿರುಗಿತು. ದೋಣಿ ಓಡುವ ವೇಗದಲ್ಲೇ ದಂಡೆಯ ಕಲ್ಲಿಗೆ ಬಡಿಯಿತು. ಉಮಾಪತಿ ಉಳಿಯಲಿಲ್ಲ.

ಫಿಟ್ಟರ್ ಸವೆದ ತಂತಿ ಬದಲಿಸಲಿಲ್ಲ ಎಂದರು ಜನ. "ಹೌದು, ನಂದ ತಪ್ಪು" ಎಂದ ಯಲ್ಲಪ್ಪ. ಮತ್ತೆ ಬಾಯಿ ಬಿಡಲಿಲ್ಲ. ಮಣ್ಣು ಮಾಡಿದ ದಿನ ನೀಲಾಂಬಿಕಾ ಎಲ್ಲರೆದುರು ಅವನ ಕಾಲ ಬಳಿ ಉಗುಳಿದ್ದಳು.

ಅಂದಿನಿಂದ ಮೂಲೆಯಲ್ಲಿ ಬಿದ್ದಿದ್ದ ದೋಣಿ ಈಗ ಕ್ಲಬ್ಬಿನವರಿಗೆ ಮತ್ತೆ ಬೇಕಾಗಿತ್ತು. ಅದರ ತಂತಿ ಬದಲಿಸುವ ಕೆಲಸವನ್ನು ಯಲ್ಲಪ್ಪ ತಾನೇ ಹೋಗಿ ಕೇಳಿಕೊಂಡನಂತೆ! ಅದನ್ನು ಕೇಳಿಯೇ ಅವಳ ಮೈ ಉರಿದಿತ್ತು.

"ಕಿವಿ ಕೇಳಂಗಿಲ್ಲೇನು? ಇದನ್ನ ಮುಟ್ಟಾಕ ಮನಸ್ಸರೆ ಹ್ಯಾಂಗ ಬಂತು?"

"ವೈನಿ, ಬಿಸಲ ಏರಾಕತ್ತೈತಿ. ಜಲ್ದಿ ಮನೀಗೆ ಹೋಗ್ರಿ. ಅತ್ತಿ ಒಬ್ರ ಇರ್ತಾರ." ಗೆಳೆಯನ ಹೆಂಡತಿಯನ್ನು ಅವನು ಅಣ್ಣನ ಹೆಂಡತಿಯಂತೆ ವೈನಿ ಎಂದೇ ಕರೆಯುತ್ತಿದ್ದ.

"ನಮ್ಮತ್ತಿ ಚಿಂತಿ ನಿಮಗ್ಯಾಕ? ಮಗ ಹೋದಾಗಿಂದ ಹಾಸಗಿ ಹಿಡದಾಳ ಆಕಿ!"

ಯಲ್ಲಪ್ಪ ಏನನ್ನೋ ಮೆಲ್ಲಗೆ ಮಂಡಿಯ ಕೆಳಗೆ ತಳ್ಳಿದ. ಅವಳು ನೋಡಿದಳು.

'ತನ್ನ ತಪ್ಪಿನ ಗುರುತು ಮುಚ್ಚಾಕತ್ಯಾನ...'

"ಏನದು? ತಗೀರಿ!"

"ಏನಿಲ್ಲ... ಹಳೇ ಅರಿವಿ."

"ಹಳೇ ಅರಿವಿಗೆ ಇಷ್ಟು ಜ್ವಾಕಿ?"

ಅವಳು ದೋಣಿಯ ಬಳಿ ಬಂದು ಬಗ್ಗಿ ಕಸಿದುಕೊಂಡಳು.

ಮಾರುದ್ದದ ದಪ್ಪ ಬಟ್ಟೆಯ ಗವಸು. ಒಳಗೆ ಹರಿದ ತಂತಿಯ ತುಂಡು. ಮುಟ್ಟಿದರೆ ತುಕ್ಕು ಕೆಂಪು ಪುಡಿಯಾಗಿ ಉದುರುತ್ತಿತ್ತು. ಅವಳ ಕಣ್ಣು ಬಟ್ಟೆಯ ಮೇಲೆ ನಿಂತಿತು. ಒತ್ತೊತ್ತಾದ ಸಣ್ಣ ಹೊಲಿಗೆ...

ಅವಳದೇ ಹೊಲಿಗೆ!

'ತಂತಿ ಎಳಿ ಮುರದು ಮುಳ್ಳ ಎದ್ದಾವ, ಹೆಣ್ಮಕ್ಕಳ ಸೀರಿ ಹರೀತಾವ, ಒಂದ ಗವಸ ಹೊಲದು ಕೊಡು' ಎಂದು ಉಮಾಪತಿ ಕೇಳಿದ್ದ. ಮೂರು ಮಧ್ಯಾಹ್ನ ಕೂತು ಹೊಲಿದಿದ್ದಳು.

ಗವಸಿಲ್ಲದ ಕಡೆ ತಂತಿ ಇನ್ನೂ ಗಟ್ಟಿಯಾಗಿತ್ತು. ಗವಸಿನೊಳಗೆ ಹೊಕ್ಕ ನೀರು ಮಾತ್ರ ಆರದೆ, ಯಾರ ಕಣ್ಣಿಗೂ ಬೀಳದೆ ಅದನ್ನು ತಿಂದಿತ್ತು.

"ಇದ... ನಾ ಹೊಲದದ್ದು..."

"ಹೊಲದವ್ರು ನೀವು. ತಪ್ಪು ನಂದು."

"ಸುಳ್ಳ! ಎರಡ ವರ್ಷ ಯಾಕ ಹೇಳಲಿಲ್ಲ? ನಾ ಉಗುಳಿದಾಗರೆ ಯಾಕ ಹೇಳಲಿಲ್ಲ?"

"ಹೇಳಿದ್ರ ಉಮಾಪತಿ ಎದ್ದು ಬರ್ತಿದ್ನೇನು? ನೀವು ಮತ್ತ ಸೂಜಿ ಹಿಡೀತಿದ್ರೇನು? ಅದರ ಮ್ಯಾಲೆ ನಿಮ್ಮ ಇಬ್ಬರ ಹೊಟ್ಟಿ ನಡೀತೈತಿ. ಬ್ಯಾರೆ ಫಿಟ್ಟರ್ ಬಂದಿದ್ರ ಇದನ್ನ ಬಿಚ್ಚಿ ಊರೆಲ್ಲ ಹೇಳ್ತಿದ್ದ. ಅದಕ್ಕ ನಾನ ಬಂದೆ."

ಅವಳು ಗವಸನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತಳು. ಅಳು ಬರಲಿಲ್ಲ.

"ಇನ್ನೊಂದೈತಿ," ಎಂದ ಯಲ್ಲಪ್ಪ. "ಅದನ್ನ ಕೇಳಿ, ಬೇಕಂದ್ರ ಮತ್ತ ಉಗುಳ್ರಿ. ತಿಂಗಳಿಗೊಮ್ಮೆ ತಂತಿ ನೋಡೂದು ನನ್ನ ಕೆಲಸ. ಗವಸ ಬಿಚ್ಚಿ ನೋಡಬೇಕಿತ್ತು. ಕತ್ತರಿ ಕೈಯಾಗ ಇತ್ತು. ಬಿಚ್ಚಲಿಲ್ಲ."

"ಯಾಕ?"

"ನಿಮ್ಮ ಹೊಲಿಗಿ ಅದು..."

ಅವನು ಕೈಯಲ್ಲಿದ್ದ ಸಲಕರಣೆ ಕೆಳಗಿಟ್ಟ.

"ಗೆಳ್ಯಾನ ಹೆಂಡತಿ ನೀವು. ಮನಸ್ಸಿನ್ಯಾಗಿದ್ದದ್ದು ಬಾಯಿಗೆ ತರೂ ಹಂಗಿರಲಿಲ್ಲ. ಆ ಹೊಲಿಗಿ ಮ್ಯಾಲೆ ಕೈ ಆಡಿಸಿ, ಬರೋಬರ್ ಐತಿ ಅಂತ ಹೇಳಿ ಬರ್ತಿದ್ದೆ. ಅಷ್ಟ ನನ್ನ ಸುಖ. ಅದ ಅವನ್ನ ಕೊಂದತು."

'ನನ್ನ ಸೂಜಿ... ಇವರ ಕೈ... ನಡುವ ಅವರು!' ಎರಡು ವರ್ಷ ಹೊತ್ತ ದ್ವೇಷವನ್ನು ಎಲ್ಲಿ ಇಳಿಸಬೇಕೋ ಅವಳಿಗೆ ತಿಳಿಯಲಿಲ್ಲ.

ಯಲ್ಲಪ್ಪ ಹೊಸ ತಂತಿಯ ಒಂದು ತುದಿಯನ್ನು ಚುಕ್ಕಾಣಿಗೆ ಬಿಗಿದ. ಇನ್ನೊಂದು ತುದಿ ಜಗ್ಗಿ ಹಿಡಿಯಲು ಒಬ್ಬರು ಬೇಕು. ಅವನು ಒಂಟಿಯಾಗಿ ಒದ್ದಾಡುವುದನ್ನು ನೋಡಿ ನೋಡಿ ಅವಳು ಎದ್ದಳು. ಸೆರಗು ಸಿಕ್ಕಿಸಿ ತುದಿ ಹಿಡಿದಳು.

"ಬಿಡ್ರಿ, ಕೈ ಕೊಯ್ತೈತಿ."

"ಕೊಯ್ಲಿ."

"ಹಂಗಾರ ಜಗ್ಗಿ ಹಿಡೀರಿ. ಸಡ್ಲ ಬಿಡಬ್ಯಾಡ್ರಿ."

ಅವನು ನಟ್ಟು ಬಿಗಿದ. ಚಕ್ರ ತಿರುಗಿಸಿದ. ಚುಕ್ಕಾಣಿ ಆ ಕ್ಷಣವೇ ಹೊರಳಿತು, ಎಡಕ್ಕೆ, ಬಲಕ್ಕೆ. ಇಬ್ಬರೂ ಅದನ್ನು ನೋಡಿದರು.

"ಬುಧವಾರ ಭುಸಾವಳಕ್ಕ ಹೊಂಟೀನಿ, ವೈನಿ. ರೈಲ್ವೆದಾಗ ಬದಲಿ ಕೇಳಿದ್ದೆ, ಅಲ್ಲಿಗೆ ಸಿಕ್ಕೈತಿ."

"ಇನ್ನ ವೈನಿ ಅನಬ್ಯಾಡ್ರಿ."

"ಮತ್ತೇನನ್ಲಿ?"

"ಹೆಸರೈತಲ್ಲ ನನಗ."

ಅವನು ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವಳ ಮುಖ ನೋಡಿದ.

"ಗವಸ ಹೊಲದಾಕಿ ನಾ ಅಂತ ಅತ್ತೀಗೆ ನಾನ ಹೇಳ್ತೀನಿ," ಎಂದಳು. "ಆಕಿ ಏನರೆ ಅನ್ಲಿ. ಆಕಿ ಇರೂತನಕ ನಾ ಈ ಊರ ಬಿಡಂಗಿಲ್ಲ."

"ನೀಲಾ... ಕಾಯ್ತೀನಿ ಅನ್ನಾಕ ನನಗ ಬಾಯಿಲ್ಲ."

"ಅನಬ್ಯಾಡ್ರಿ. ಸುಮ್ನ ಕಾಯ್ರಿ."

ಯಲ್ಲಪ್ಪ ಭುಸಾವಳಕ್ಕೆ ಹೋದದ್ದು ಆ ಬುಧವಾರ. ಅತ್ತೆ ಗೌರಮ್ಮ ಹೋದದ್ದು ಪುಷ್ಯದ ಒಂದು ಶುಕ್ರವಾರ, ಸೊಸೆಯ ತೊಡೆಯ ಮೇಲೆ ತಲೆಯಿಟ್ಟು. ನೀಲಾಂಬಿಕಾ ಮಹಾಲ್‌ನ ಮನೆಗೆ ಬೀಗ ಹಾಕಿ ಭುಸಾವಳದ ಗಾಡಿ ಹತ್ತಿದ್ದು ಫಾಲ್ಗುಣದಲ್ಲಿ, ಸೋಮವಾರ.